ಗುಡ್ಡದ ಟಾಕಿಯ ನೀರು ನಳಕ್ಕೆ ಸಣ್ಣಗೆ ಬರುತ್ತಿದ್ದರೆ: ಮೋಟರ್ ತರುವ ಮೊದಲು ಮಾಡಬೇಕಾದ ತಪಾಸಣೆ

ನಮ್ಮದು ಗೋಕಾಕ ತಾಲೂಕಿನಲ್ಲಿ ತೋಟದ ಮನೆ. ಬೋರಿನ ನೀರು ಮನೆ ಹಿಂದಿನ ಗುಡ್ಡದ ಮೇಲಿನ ಟಾಕಿಗೆ ಏರುತ್ತದೆ. ಅಲ್ಲಿಂದ ಇಳಿಜಾರಿನ ಬಲದಿಂದಲೇ ಒಂದು ಇಂಚಿನ ಪೈಪಿನಲ್ಲಿ ಇಳಿದು ನಮ್ಮ ಮನೆ, ಕಾಕಾನ ಮನೆ, ದೊಡ್ಡಪ್ಪನ ಮನೆ ಮೂರಕ್ಕೂ ಹಂಚಿಕೆಯಾಗುತ್ತದೆ. ಟಾಕಿಯಿಂದ ನಮ್ಮ ಅಂಗಳದವರೆಗೆ ಪೈಪಿನ ಉದ್ದ 280 ಮೀಟರ್. ಹೋದ ಬೇಸಿಗೆಯಲ್ಲಿ ನೀರು ದಿನದಿಂದ ದಿನಕ್ಕೆ ಸಣ್ಣಗಾಗುತ್ತ ಬಂತು. ನಳದ ಕೆಳಗೆ ಕೊಡ ಇಟ್ಟು ಅವ್ವ ಎರಡು ರೊಟ್ಟಿ ಬಡಿದು ಬೇಯಿಸಿ ಬಂದರೂ ಕೊಡದ ಕಂಠದವರೆಗೆ ನೀರು ಬಂದಿರುತ್ತಿರಲಿಲ್ಲ.

“ಅರ್ಧ ಎಚ್‌ಪಿ ಮೋಟರ್ ಒಂದು ಕೂಡಿಸಿಬಿಡೋ ತಮ್ಮಾ, ಸುಮ್ನ ಯಾಕ ಗುಡ್ಡ ಹತ್ತಿ ಇಳೀತಿ?” ಅಂದರು ಕಾಕಾ. ಊರಲ್ಲಿ ಬಹಳ ಮಂದಿ ಮಾಡುವುದೂ ಅದನ್ನೇ. ಆದರೆ ಮೋಟರ್ ಕೂಡಿಸಿದರೆ ಪೈಪಿನೊಳಗಿನ ದೋಷ ಅಲ್ಲೇ ಉಳಿಯುತ್ತದೆ, ಕರೆಂಟು ಹೋದ ದಿನ ನೀರೂ ಹೋಗುತ್ತದೆ. ಕರೆಂಟಿನ ಹಂಗಿಲ್ಲದೆ ನೀರು ಬರಲಿ ಎಂದೇ ಅಲ್ಲವೇ ಅಜ್ಜ ಅಷ್ಟು ಕಷ್ಟಪಟ್ಟು ಗುಡ್ಡದ ಮೇಲೆ ಟಾಕಿ ಕಟ್ಟಿಸಿದ್ದು? ಹಾಗಾಗಿ ಅಳತೆ ಮಾಡಿಯೇ ನೋಡೋಣ ಎಂದು ಕೂತೆ. ಮೂರು ದಿನ ಹಿಡಿಯಿತು. ಸಿಕ್ಕಿದ್ದು ಒಂದಲ್ಲ, ಎರಡು ದೋಷ. ಅದೇ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಎರಡು ಅಳತೆ

“ನೀರಿಗೆ ಫೋರ್ಸ್ ಇಲ್ಲ” ಎನ್ನುವ ಒಂದೇ ಮಾತಿನಲ್ಲಿ ಎರಡು ಬೇರೆ ಬೇರೆ ತೊಂದರೆಗಳು ಅಡಗಿರುತ್ತವೆ. ಒಂದು, ನೀರಿಗೆ ಒತ್ತಡವೇ ಇಲ್ಲ. ಇನ್ನೊಂದು, ಒತ್ತಡ ಇದೆ, ಆದರೆ ದಾರಿಯಲ್ಲಿ ಏನೋ ಅಡ್ಡ ಬಂದು ನೀರು ಸಾಕಷ್ಟು ಸಾಗುತ್ತಿಲ್ಲ. ಇವೆರಡನ್ನು ಬೇರೆ ಮಾಡದೆ ಯಾವ ಪ್ಲಂಬರ್ ಬಂದರೂ ಕತ್ತಲಲ್ಲಿ ಕೈಯಾಡಿಸಿದಂತೆಯೇ.

ಬೇಕಾಗುವ ಸಾಮಾನು ಕಡಿಮೆ: ಅರ್ಧ ಇಂಚಿನ ಚೂಡಿ (ತಿರುಪು) ಇರುವ, 0ಯಿಂದ 4 ಕೆಜಿವರೆಗಿನ ಪ್ರೆಶರ್ ಗೇಜ್ (ಒತ್ತಡ ತೋರಿಸುವ ಮುಳ್ಳಿನ ಮೀಟರ್) ಒಂದು, 15 ಲೀಟರಿನ ಬಕೆಟ್ ಒಂದು, ಮೊಬೈಲಿನ ಸ್ಟಾಪ್‌ವಾಚ್. ಗೇಜ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಅದನ್ನು ಮನೆಗೆ ಪೈಪ್ ಬರುವ ಜಾಗದಲ್ಲಿ ಒಂದು ಟೀ (ಮೂರು ಬಾಯಿಯ ಪೈಪ್ ಜೋಡಣೆ) ಹಾಕಿ ಕೂಡಿಸಿ. ನಾನು ಅಂಗಳದ ನಳದ ಹಿಂದೆಯೇ ಕೂಡಿಸಿದೆ.

ಮೂರೂ ಮನೆಯ ನಳಗಳನ್ನು ಪೂರ್ತಿ ಬಂದ್ ಮಾಡಿಸಿ, ಐದು ನಿಮಿಷ ಬಿಟ್ಟು ಗೇಜ್ ನೋಡಿ. ಇದು ನಿಂತ ನೀರಿನ ಒತ್ತಡ. ನೀರು ನಿಂತಾಗ ಪೈಪಿನ ಉದ್ದವಾಗಲಿ ದಪ್ಪವಾಗಲಿ ಲೆಕ್ಕಕ್ಕೆ ಬರುವುದಿಲ್ಲ; ಎತ್ತರ ಮಾತ್ರ. 10 ಮೀಟರ್ ಎತ್ತರಕ್ಕೆ ಚದರ ಸೆಂಟಿಮೀಟರಿಗೆ 1 ಕೆಜಿ. ನಮ್ಮ ಗೋಕಾಕ ಜಲಪಾತದ ಎತ್ತರ ಸುಮಾರು 52 ಮೀಟರ್; ಅದರ ನೆತ್ತಿಯಿಂದ ಪೈಪಿನಲ್ಲಿ ನೀರು ಇಳಿಸಿ ತಳದಲ್ಲಿ ಬಂದ್ ಮಾಡಿದರೆ ಗೇಜ್ 5 ಕೆಜಿ ದಾಟುತ್ತದೆ. ನಮ್ಮ ಮನೆಯಲ್ಲಿ ತೋರಿಸಿದ್ದು 1.4 ಕೆಜಿ. ಅಂದರೆ ಟಾಕಿಯ ನೀರಿನ ಮಟ್ಟ ಅಂಗಳಕ್ಕಿಂತ 14 ಮೀಟರ್ ಮೇಲಿದೆ. ಎತ್ತರಕ್ಕೆ ಏನೂ ಕಡಿಮೆ ಇಲ್ಲ ಎಂದು ಮೊದಲ ಐದು ನಿಮಿಷದಲ್ಲೇ ಗೊತ್ತಾಯಿತು.

ಈಗ ಅಂಗಳದ ನಳ ಪೂರ್ತಿ ತೆರೆದು ಬಕೆಟ್ ಇಡಿ. ತುಂಬಲು ಎಷ್ಟು ಹೊತ್ತು ಎಂದು ಬರೆದುಕೊಳ್ಳಿ. ನೀರು ಹರಿಯುತ್ತಿರುವಾಗಲೇ ಗೇಜ್ ಮುಳ್ಳು ಎಲ್ಲಿದೆ ನೋಡಿ. ನಮ್ಮಲ್ಲಿ ಬಕೆಟ್ ತುಂಬಲು 2 ನಿಮಿಷ. ಮುಳ್ಳು 1.4ರಿಂದ ಜಾರಿ 0.1ಕ್ಕೆ ಬಂದು ನಿಂತಿತು. ಆ ಮುಳ್ಳು ಬೀಳುವುದನ್ನು ಕಾಕಾಗೂ ಕರೆದು ತೋರಿಸಿದೆ. ಮೋಟರಿನ ಮಾತು ಅವರು ಮತ್ತೆ ಎತ್ತಲಿಲ್ಲ.

ಈ ಎರಡು ಅಂಕಿಗಳಿಂದ ಎಲ್ಲಿ ಹುಡುಕಬೇಕೆಂದು ನಿರ್ಧಾರವಾಗುತ್ತದೆ. ನಿಂತ ನೀರಿನ ಒತ್ತಡವೇ ಕಡಿಮೆ ಇದ್ದರೆ ಟಾಕಿಯಲ್ಲಿ ನೀರಿಲ್ಲ, ಅಥವಾ ಎಲ್ಲೋ ಸೋರುತ್ತಿದೆ, ಅಥವಾ ಯಾರದೋ ನಳ ತೆರೆದಿದೆ. ಇದಾವುದೂ ಅಲ್ಲದಿದ್ದರೆ ಟಾಕಿ ನಿಜವಾಗಿಯೂ ತಗ್ಗಿನಲ್ಲಿದೆ. ನಿಂತಾಗ ಚೆನ್ನಾಗಿದ್ದು ಹರಿಯುವಾಗ ಮುಳ್ಳು ಕುಸಿದರೆ ದೋಷ ಟಾಕಿ ಮತ್ತು ಗೇಜಿನ ನಡುವೆ. ಹರಿಯುವಾಗಲೂ ಗೇಜಿನಲ್ಲಿ ಒತ್ತಡ ಇದ್ದು, ಒಳಗಿನ ನಳದಲ್ಲಿ ಮಾತ್ರ ನೀರು ಸಣ್ಣಗಿದ್ದರೆ ಗುಡ್ಡ ಹತ್ತುವ ಕೆಲಸವಿಲ್ಲ, ದೋಷ ಮನೆಯೊಳಗಿದೆ.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಗುಡ್ಡದ ನೀರು ನೇರವಾಗಿ ನಳಕ್ಕೆ ಬರದೆ ಮಾಳಿಗೆಯ ಮೇಲಿನ ಸಿಂಟೆಕ್ಸ್‌ಗೆ ಬಿದ್ದು ಅಲ್ಲಿಂದ ಬಚ್ಚಲಿಗೆ ಇಳಿಯುತ್ತಿದ್ದರೆ, ಗುಡ್ಡದ ಎತ್ತರವೆಲ್ಲ ಸಿಂಟೆಕ್ಸ್ ಬಾಯಲ್ಲೇ ಮುಗಿದುಹೋಗುತ್ತದೆ. ಶವರಿಗೆ ಸಿಗುವುದು ಸಿಂಟೆಕ್ಸ್‌ನಿಂದ ಶವರಿನವರೆಗಿನ ಎತ್ತರ ಮಾತ್ರ. ಅದು 2 ಮೀಟರ್ ಇದ್ದರೆ 0.2 ಕೆಜಿ, ಅಷ್ಟೇ. ಅಂಥ ಮನೆಯವರು ಗುಡ್ಡದ ಪೈಪ್ ಎಷ್ಟು ಬದಲಿಸಿದರೂ ಶವರ್ ಸುಧಾರಿಸುವುದಿಲ್ಲ. ನೇರ ಲೈನಿನಿಂದ ಬಚ್ಚಲಿಗೆ ಬೇರೆ ಪೈಪ್ ಎಳೆಯುವುದು, ಇಲ್ಲವೇ ಸಿಂಟೆಕ್ಸ್ ಕೆಳಗೆ ಕಟ್ಟೆ ಎತ್ತರಿಸುವುದು ಉಳಿದ ದಾರಿ.

ಟಾಕಿ

ದೋಷ ಲೈನಿನಲ್ಲಿದೆ ಎಂದು ಗೊತ್ತಾದ ಮೇಲೆ ನಾನು ಮೇಲಿನಿಂದ ಕೆಳಗೆ ಬಂದೆ. ಟಾಕಿಯೊಳಗೆ ಪೈಪಿನ ಬಾಯಿಗೆ ಕಟ್ಟಿದ ಜಾಳಿಗೆ ನೋಡಿ. ಬಿಸಿಲು ಬೀಳುವ ಟಾಕಿಯಲ್ಲಿ ಹಾವಸೆ ಕಟ್ಟಿ ಜಾಳಿಗೆ ಕಂಬಳಿಯಂತಾಗಿರುತ್ತದೆ. ನಮ್ಮದರಲ್ಲಿ ಅಂಗೈಯಷ್ಟು ಕಟ್ಟಿತ್ತು. ತೆಗೆದು ತೊಳೆದೆ, ಬಕೆಟಿನ ಲೆಕ್ಕದಲ್ಲಿ ಐದಾರು ಸೆಕೆಂಡಿನ ಫರಕು ಬಿತ್ತು, ಅಷ್ಟೇ. ಪೈಪಿನ ಬಾಯಿ ಟಾಕಿಯ ತಳಕ್ಕೆ ಅಂಟಿಕೊಂಡಿದ್ದರೆ ಬೋರಿನ ಮರಳು, ಕೆಸರು ಎಲ್ಲ ಲೈನಿಗೆ ಇಳಿಯುತ್ತದೆ. ತಳದಿಂದ ನಾಲ್ಕು ಬೆರಳಾದರೂ ಮೇಲಿರಬೇಕು, ಕೆಸರು ಬಿಡಲು ತಳದಲ್ಲಿ ಬೇರೆ ವಾಲ್ವ್ ಇರಬೇಕು. ಮುಚ್ಚಳವನ್ನು ಗಾಳಿಯಾಡದಂತೆ ಸಿಮೆಂಟ್ ಹಾಕಿ ಬಿಗಿದಿದ್ದರೆ ಜಾಳಿಗೆ ಕಟ್ಟಿದ ಒಂದು ಸಣ್ಣ ಗಾಳಿಕಿಂಡಿ ತೆಗೆಯಿರಿ.

ವಾಲ್ವ್ ಮೇಲೆ ಸಂಶಯ ಇರಲಿ. ಹಳೆಯ ಗೇಟ್ ವಾಲ್ವಿನಲ್ಲಿ ಒಳಗಿನ ಗೇಟು ಕಡ್ಡಿಯಿಂದ ಕಳಚಿ ಅರ್ಧ ದಾರಿ ಮುಚ್ಚಿಕೊಂಡು ಬಿದ್ದಿರುತ್ತದೆ. ಮೇಲೆ ಹಿಡಿಕೆ ಸಲೀಸಾಗಿ ತಿರುಗುತ್ತದೆ, ನಾವು ಪೂರ್ತಿ ತೆರೆದಿದ್ದೇವೆ ಎಂದುಕೊಳ್ಳುತ್ತೇವೆ. ಹಿಡಿಕೆ ಕೊನೆ ಮುಟ್ಟದೆ ಸುಮ್ಮನೆ ತಿರುಗುತ್ತಲೇ ಇದ್ದರೆ, ಅಥವಾ ಪೂರ್ತಿ ಬಂದ್ ಮಾಡಿದರೂ ನೀರು ಅಷ್ಟೇ ಬರುತ್ತಿದ್ದರೆ, ಆ ವಾಲ್ವ್ ಸತ್ತಿದೆ. ಅದರ ಜಾಗಕ್ಕೆ ಬಾಲ್ ವಾಲ್ವ್ ಹಾಕಿ. ಹಿಡಿಕೆ ಪೈಪಿನ ಉದ್ದಕ್ಕಿದ್ದರೆ ತೆರೆದಿದೆ, ಅಡ್ಡಕ್ಕಿದ್ದರೆ ಮುಚ್ಚಿದೆ ಎಂದು ಕಣ್ಣಿಗೇ ಕಾಣುತ್ತದೆ.

ಗಾಳಿ

ಇದರ ಬಗ್ಗೆ ಹೆಚ್ಚು ಬರೆಯುತ್ತೇನೆ, ಯಾಕೆಂದರೆ ನಮ್ಮ ಭಾಗದ ಗುಡ್ಡದ ಲೈನುಗಳಲ್ಲಿ ಇದು ಕಣ್ಣಿಗೆ ಬೀಳದೆ ವರ್ಷಗಟ್ಟಲೆ ಉಳಿಯುತ್ತದೆ.

ಪೈಪ್ ಟಾಕಿಯಿಂದ ಮನೆವರೆಗೆ ಒಂದೇ ಸಮ ಇಳಿದು ಬಂದಿದ್ದರೆ ಗಾಳಿ ತಾನಾಗಿಯೇ ಟಾಕಿ ಕಡೆ ಏರಿಹೋಗುತ್ತದೆ. ಆದರೆ ನೆಲ ಹಾಗಿರುವುದಿಲ್ಲ. ನಮ್ಮ ಪೈಪ್ ಟಾಕಿಯಿಂದ ಇಳಿದು ಒಂದು ಕೊರಕಲು ದಾಟಿ, ಬಂಡೆಯ ಏಣಿನ ಮೇಲೆ ಹತ್ತಿ, ಅಲ್ಲಿಂದ ಮತ್ತೆ ಇಳಿಯುತ್ತದೆ. ಆ ಏಣಿನ ನೆತ್ತಿಯಲ್ಲಿ ಗಾಳಿ ಕೂರುತ್ತದೆ. ನಳ ಬಂದ್ ಇದ್ದಾಗ ಗಾಳಿ ನೆತ್ತಿಯ ಎರಡೂ ಬದಿ ಹರಡಿಕೊಂಡು ತೆಪ್ಪಗಿರುತ್ತದೆ, ಗೇಜ್ ಪೂರ್ತಿ ಒತ್ತಡವನ್ನೇ ತೋರಿಸುತ್ತದೆ. ನಳ ತೆರೆದೊಡನೆ ನೀರು ಆ ಗಾಳಿಯನ್ನು ಕೆಳಗಿನ ಇಳಿಜಾರಿಗೆ ತಳ್ಳುತ್ತದೆ. ಇಳಿಜಾರಿನಲ್ಲಿ ಗಾಳಿ ಎಷ್ಟು ಎತ್ತರದುದ್ದಕ್ಕೆ ನಿಂತಿದೆಯೋ ಅಷ್ಟು ಎತ್ತರದ ಒತ್ತಡ ನಮಗೆ ನಷ್ಟ. ಅಲ್ಲಿ ಪೈಪಿನ ತಳದಲ್ಲಿ ಸಣ್ಣ ಝರಿಯಂತೆ ನೀರು ಹರಿದು ಬರುತ್ತದೆ, ಮೇಲೆಲ್ಲ ಗಾಳಿ.

ಗಾಳಿ ಎಲ್ಲಿಂದ ಬರುತ್ತದೆ? ನಮ್ಮ ಬೋರಿಗೆ ತ್ರೀ ಫೇಸ್ ಕರೆಂಟು ದಿನಕ್ಕೆ 7 ಗಂಟೆಯ ಲೆಕ್ಕ. ಅದೂ ಕೆಲವು ವಾರ ಹಗಲು, ಕೆಲವು ವಾರ ರಾತ್ರಿ. ಬೇಸಿಗೆಯಲ್ಲಿ ಕಬ್ಬಿಗೆ ನೀರು ಬಿಟ್ಟು ಉಳಿದರೆ ಟಾಕಿಗೆ. ಟಾಕಿ ಬರಿದಾದ ಪ್ರತಿ ಸಲವೂ ಲೈನಿನೊಳಗೆ ಗಾಳಿ ನುಗ್ಗುತ್ತದೆ. ಮತ್ತೆ ನೀರು ತುಂಬುವಾಗ ಏಣಿನ ಆಚೆ ಸಿಕ್ಕಿಬೀಳುತ್ತದೆ. “ಬೇಸಿಗೆ ಬಂತಂದ್ರ ನಳ ಸಣ್ಣ ಆಗತೈತಿ” ಎಂದು ದೊಡ್ಡಪ್ಪ ಹೇಳುತ್ತಿದ್ದುದು ಬೋರು ಬತ್ತಿದ್ದಕ್ಕೆ ಎಂದು ನಾವೆಲ್ಲ ತಿಳಿದಿದ್ದೆವು.

ಗುರುತು ಹೀಗೆ. ನಳ ತೆರೆದಾಗ ನೀರು ಕೆಮ್ಮುತ್ತ, ಉಗುಳುತ್ತ ಬರುತ್ತದೆ. ಗಾಜಿನ ಲೋಟದಲ್ಲಿ ಹಿಡಿದರೆ ಮಜ್ಜಿಗೆ ನೀರಿನಂತೆ ಬೆಳ್ಳಗಿದ್ದು, ನೋಡನೋಡುತ್ತ ತಳದಿಂದ ಮೇಲಕ್ಕೆ ತಿಳಿಯಾಗುತ್ತದೆ. ಹಾಗಲ್ಲದೆ ಬಿಳಿ ತಳದಲ್ಲಿ ಕೂತರೆ ಅದು ಗಾಳಿಯಲ್ಲ, ಸುಣ್ಣ ಅಥವಾ ಕೆಸರು.

ಎರಡನೆಯ ದಿನ ಏಣಿನ ಮೇಲೆ ಪೈಪ್ ಬಗೆದು ತೆಗೆದು, ಟಾಕಿಯ ವಾಲ್ವ್ ಕಾಲು ಭಾಗ ಮಾತ್ರ ತೆರೆದಿಟ್ಟು, ನೆತ್ತಿಯಲ್ಲಿ ಹ್ಯಾಕ್ಸಾ ಬ್ಲೇಡಿನಿಂದ ಕೊಯ್ಯತೊಡಗಿದೆ. ಬ್ಲೇಡು ಒಳಗಿಳಿದ ಕೂಡಲೇ ನೀರು ಚಿಮ್ಮುತ್ತದೆ ಎಂದು ಮುಖ ಪಕ್ಕಕ್ಕೆ ತಿರುಗಿಸಿಕೊಂಡಿದ್ದೆ. ನೀರು ಬರಲಿಲ್ಲ. ಸೀಳಿನಿಂದ ಸುಯ್ ಎಂದು ಗಾಳಿ ಹೊರಟಿತು. ಪೈಪಿನ ಮೇಲಿದ್ದ ಮಣ್ಣಿನ ಪುಡಿಯೆಲ್ಲ ಹಾರಿಹೋಯಿತು. ಹಾವಸೆಯ ವಾಸನೆ. ಬಹಳ ಹೊತ್ತು ಹಾಗೇ ಊದುತ್ತಿತ್ತು, ಕೈ ಅಡ್ಡ ಹಿಡಿದರೆ ತಣ್ಣಗೆ ತಾಗುತ್ತಿತ್ತು. ಕೊನೆಗೊಮ್ಮೆ ಗುಳುಗುಳು ಎಂದು ನೊರೆ ಬಂದು, ಅದರ ಹಿಂದೆಯೇ ನೀರು. ಟಾಕಿಯ ವಾಲ್ವ್ ಮುಚ್ಚಿ, ಅಲ್ಲಿ ಟೀ ಕೂಡಿಸಿ, ಮೇಲ್ಮುಖವಾಗಿ ಒಂದು ಗೇಣು ಪೈಪ್ ಏರಿಸಿ ಅರ್ಧ ಇಂಚಿನ ಬಾಲ್ ವಾಲ್ವ್ ಹಾಕಿದೆ. ತಾನಾಗಿಯೇ ಗಾಳಿ ಬಿಡುವ ಏರ್ ವಾಲ್ವ್ ಕೂಡ ಸಿಗುತ್ತದೆ. ಟಾಕಿ ಪದೇ ಪದೇ ಬರಿದಾಗುವ ಮನೆಯವರಿಗೆ ಅದೇ ವಾಸಿ. ಮರುದಿನ ಬಕೆಟ್ 1 ನಿಮಿಷಕ್ಕೆ ತುಂಬಿತು. ಹರಿಯುವಾಗಿನ ಒತ್ತಡ 0.3 ಕೆಜಿ.

ಎಚ್ಚರಿಕೆ ಒಂದು. ವಾಲ್ವ್ ಹಾಕಿದ ಮೇಲೆ, ಕೆಳಗೆ ನಳ ಪೂರ್ತಿ ಹರಿಯುತ್ತಿರುವಾಗ ನೆತ್ತಿಯ ವಾಲ್ವ್ ಸ್ವಲ್ಪ ತೆರೆದು ಅದರ ಬಾಯಿಗೆ ಒಂದು ದಾರದ ಎಳೆ ಹಿಡಿಯಿರಿ. ದಾರ ಹೊರಗೆ ಹಾರಿದರೆ ಸರಿ. ಒಳಗೆ ಎಳೆದುಕೊಂಡರೆ ಆ ಜಾಗದಲ್ಲಿ ಪೈಪಿನೊಳಗೆ ಒತ್ತಡವೇ ಉಳಿದಿಲ್ಲ, ಹೊರಗಿನ ಗಾಳಿಯನ್ನೇ ಅದು ಹೀರುತ್ತಿದೆ. ಅಂಥ ಕಡೆ ವಾಲ್ವ್ ತೆರೆದಿಟ್ಟರೆ ರೋಗ ಹೆಚ್ಚಾಗುತ್ತದೆ. ಟಾಕಿಯಿಂದ ನೆತ್ತಿಯವರೆಗೆ ದಪ್ಪ ಪೈಪ್ ಹಾಕಬೇಕು, ಇಲ್ಲವೇ ನೆತ್ತಿಯನ್ನೇ ಕಡಿದು ತಗ್ಗಿಸಬೇಕು ಅಥವಾ ಪೈಪನ್ನು ಬಳಸಿ ಒಯ್ಯಬೇಕು.

ಇಳಿಜಾರಿನ ನೀರಿಗೆ ನಡುವೆ ಉಸಿರಾಡಲು, ಕೆಸರು ಇಳಿಸಲು ಜಾಗ ಬೇಕೆಂಬುದು ನಮ್ಮ ಸೀಮೆಗೆ ಹೊಸದಲ್ಲ. ವಿಜಯಪುರಕ್ಕೆ ಆದಿಲ್ ಶಾಹಿಗಳ ಕಾಲದಲ್ಲಿ, 1651ರಲ್ಲಿ ಮುಹಮ್ಮದ್ ಆದಿಲ್ ಶಾಹ ಕಟ್ಟಿಸಿದ ಬೇಗಂ ತಲಾಬ್ ಎಂಬ ಕೆರೆಯಿಂದ ಮಣ್ಣಿನ ಕೊಳವೆಗಳಲ್ಲಿ ನೀರು ಇಳಿದು ಬರುತ್ತಿತ್ತು. ದಾರಿಯಲ್ಲಿ ಅಲ್ಲಲ್ಲಿ ಗಂಜ್ ಎಂಬ ಗೋಪುರಗಳನ್ನು ಕಟ್ಟಿ ಕೊಳವೆಯ ಒತ್ತಡ ತಗ್ಗಿಸುತ್ತಿದ್ದರು, ಕೆಸರನ್ನು ಅಲ್ಲೇ ಹಿಡಿದಿಡುತ್ತಿದ್ದರು. ಊರೊಳಗೆ ಇಂದಿಗೂ ಕೆಲವು ನಿಂತಿವೆ. ಒಮ್ಮೆ ನೋಡಿ ಬನ್ನಿ.

ಸಣ್ಣ ಪೈಪಿನ ತುಂಡು

1 ನಿಮಿಷಕ್ಕೆ ಬಂದ ಮೇಲೆ ಅವ್ವನಿಗೆ ಸಮಾಧಾನವಾಗಿತ್ತು. ನನಗೆ ಆಗಲಿಲ್ಲ, ಯಾಕೆಂದರೆ ಲೆಕ್ಕ ಕೂಡುತ್ತಿರಲಿಲ್ಲ.

ನಿಮಿಷಕ್ಕೆ 12 ಲೀಟರ್ ಹರಿಯುವಾಗ 100 ಮೀಟರ್ ಪ್ಲಾಸ್ಟಿಕ್ ಪೈಪಿನಲ್ಲಿ ತಿಕ್ಕಾಟಕ್ಕೆ ಹೋಗುವ ಎತ್ತರ ಹೆಚ್ಚುಕಡಿಮೆ ಹೀಗಿದೆ: ಅರ್ಧ ಇಂಚಿನದರಲ್ಲಿ 8 ಮೀಟರ್, ಮುಕ್ಕಾಲು ಇಂಚಿನದರಲ್ಲಿ ಎರಡೂವರೆ ಮೀಟರ್, ಒಂದು ಇಂಚಿನದರಲ್ಲಿ ಮುಕ್ಕಾಲು ಮೀಟರ್. ಒಂದು ಇಂಚಿನ ಬದಲು ಅರ್ಧ ಇಂಚು ಹಾಕಿದರೆ ತಿಕ್ಕಾಟ ಎರಡು ಪಟ್ಟಲ್ಲ, 10 ಪಟ್ಟಿಗೂ ಹೆಚ್ಚಾಗುತ್ತದೆ. ನಮ್ಮ 280 ಮೀಟರ್ ಪೂರ್ತಿ ಒಂದು ಇಂಚೇ ಆಗಿದ್ದರೆ ನಿಮಿಷಕ್ಕೆ 15 ಲೀಟರ್ ಹರಿಯುವಾಗ 3 ಮೀಟರ್ ಕಳೆಯಬೇಕು, ಗೇಜ್ 1 ಕೆಜಿಯ ಮೇಲಿರಬೇಕು. ಇರುವುದು 0.3. ಅಂದರೆ 7-8 ಮೀಟರ್ ಎತ್ತರವನ್ನು ಯಾವುದೋ ತುಂಡು ನುಂಗುತ್ತಿದೆ.

ಹುಡುಕುವ ರೀತಿ: ಲೈನಿನ ನಡುಮಧ್ಯದಲ್ಲಿ ಬಿಚ್ಚಿ ಗೇಜ್ ಕೂಡಿಸಿ, ಮನೆಯ ನಳ ಹರಿಯಲು ಬಿಟ್ಟು ಓದಿ. ಟಾಕಿಯಿಂದ ಆ ಜಾಗಕ್ಕೆ ಇರುವ ಎತ್ತರಕ್ಕೆ ತಕ್ಕ ಒತ್ತಡ ಇದ್ದರೆ ಮೇಲಿನ ಅರ್ಧ ಸರಿ, ಕೆಳಗಿನ ಅರ್ಧವನ್ನು ಮತ್ತೆ ಎರಡು ಭಾಗ ಮಾಡಿ. ಮೂರು ಕಡೆ ಅಗೆಯುವಷ್ಟರಲ್ಲಿ ಜಾಗ ಸಿಕ್ಕಿತು, ಕಬ್ಬಿನ ಹೊಲದ ಬದುವಿನಲ್ಲಿ. ಹಿಂದೆ ಡ್ರಿಪ್ ಲೈನಿಗೆ ತಗ್ಗು ತೋಡುವಾಗ ಜೆಸಿಬಿ ಬಾಯಿಗೆ ಸಿಕ್ಕು ಪೈಪ್ ಕಿತ್ತು ಹೋಗಿತ್ತು. ದನದ ಕೊಟ್ಟಿಗೆಗೆಂದು ತಂದು ಉಳಿದಿದ್ದ ಅರ್ಧ ಇಂಚಿನ ಪೈಪು ಹತ್ತು ಜೋಡಿಸಿ ಅವತ್ತಿಗೆ ನೀರು ಬಿಟ್ಟಿದ್ದೆವು. “ಆಮ್ಯಾಲ ಬದಲಿಸಿದರಾಯ್ತು” ಅಂದಿದ್ದು ನಾನೇ. 200 ಅಡಿ ಅರ್ಧ ಇಂಚು, 14 ಮೀಟರಿನಲ್ಲಿ ಅರ್ಧಕ್ಕಿಂತ ಹೆಚ್ಚನ್ನು ತಿನ್ನುತ್ತಿತ್ತು. ಬದಲಿಸಿ ಒಂದು ಇಂಚು ಹಾಕಿದ ಮೇಲೆ ಬಕೆಟ್ 40 ಸೆಕೆಂಡು, ಹರಿಯುವಾಗ 0.7 ಕೆಜಿ.

ಸೋರಿಕೆ, ಸುಣ್ಣ, ಮನೆಯೊಳಗಿನದು

ನಮ್ಮಲ್ಲಿ ಸೋರಿಕೆ ಇರಲಿಲ್ಲ. ಆದರೆ ಎರೆ ಭೂಮಿಯವರು ಇದನ್ನು ಮೊದಲೇ ನೋಡಬೇಕು. ಎರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವಾಗ ಪೈಪನ್ನು ಎಳೆದಾಡಿ ಜೋಡಣೆ ಬಿಡಿಸುತ್ತದೆ. ರಾತ್ರಿ ಮನೆಗಳ ವಾಲ್ವ್ ಎಲ್ಲ ಮುಚ್ಚಿ, ಟಾಕಿಯ ನೀರಿನ ಮಟ್ಟಕ್ಕೆ ಸೀಮೆಸುಣ್ಣದ ಗೆರೆ ಹಾಕಿ, ಬೆಳಿಗ್ಗೆ ನೋಡಿ. ಗೆರೆಯಿಂದ ಇಳಿದಿದ್ದರೆ ಮರುರಾತ್ರಿ ಟಾಕಿಯ ಬಾಯಲ್ಲೇ ವಾಲ್ವ್ ಮುಚ್ಚಿ ನೋಡಿ. ಆಗಲೂ ಇಳಿದರೆ ಸೋರುತ್ತಿರುವುದು ಟಾಕಿ, ನಿಂತರೆ ಲೈನು. ಏಪ್ರಿಲ್ ತಿಂಗಳಲ್ಲಿ ಸುತ್ತೆಲ್ಲ ಒಣಗಿ ಒಂದು ಕಡೆ ಮಾತ್ರ ಕರಕಿ ಹಸಿರಾಗಿದ್ದರೆ ಅಲ್ಲೇ ಅಗೆಯಿರಿ.

ಬೋರಿನ ನೀರು ಗಡುಸಾಗಿದ್ದು ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ ಇದ್ದರೆ ಒಳಗೆ ಸುಣ್ಣ ಕಟ್ಟುತ್ತದೆ, ಬಿಸಿನೀರಿನ ಪೈಪಿನಲ್ಲಿ ಇನ್ನೂ ಬೇಗ. ತಣ್ಣೀರು ಚೆನ್ನಾಗಿ ಬಂದು ಬಿಸಿನೀರು ಸಣ್ಣಗಿದ್ದರೆ ಸೋಲಾರ್‌ನಿಂದ ಇಳಿಯುವ ಮೊದಲ ಎಲ್ಬೊ (ಪೈಪ್ ತಿರುಗುವ ಮೂಲೆಯ ಜೋಡಣೆ) ಬಿಚ್ಚಿ ನೋಡಿ. ಒಂದು ಇಂಚಿನ ಎಲ್ಬೊದಲ್ಲಿ ಪೆನ್ಸಿಲ್ ತೂರುವಷ್ಟೇ ಕಿಂಡಿ ಉಳಿದದ್ದನ್ನು ಕಂಡಿದ್ದೇನೆ. ಅದನ್ನು ಆಸಿಡ್ ಹಾಕಿ ತೊಳೆಯುವ ಗೋಜಿಗೆ ಹೋಗಬೇಡಿ, ಪೈಪ್ ಬದಲಿಸಿ.

ಒಂದೇ ನಳದ ತೊಂದರೆಯಾದರೆ ನಳದ ತುದಿಯ ಜಾಳಿಗೆ, ಗೋಡೆಯ ಕಾಕ್, ಮೀಟರ್ ಇದ್ದರೆ ಅದರ ಜಾಳಿಗೆ, ಇವಿಷ್ಟೇ. ಹೊಸ ಕೆಲಸವಾಗಿದ್ದರೆ ಒಳಗೆ ಟೆಫ್ಲಾನ್ ಟೇಪಿನ ತುಂಡು, ಕೊಯ್ದ ಪೈಪಿನ ಚೂರು ಸಿಕ್ಕಿರಬಹುದು.

ಪಂಚಾಯಿತಿ ನಳವಾದರೆ

ಲೆಕ್ಕ ಇದೇ, ಎತ್ತರದ ಟಾಕಿ ಊರಿನದು ಅಷ್ಟೇ. ಮನೆ ಮನೆಗೆ ಗಂಗೆ ಯೋಜನೆಯಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂದಿದೆ. ಐದು ಜನರ ಮನೆಗೆ 275 ಲೀಟರ್. ನೀರು ಬಿಡುವ ಹೊತ್ತಿಗೆ ಬಕೆಟ್ ಹಿಡಿದು, ಎಷ್ಟು ಹೊತ್ತಿಗೆ ಎಷ್ಟು ಬಂತೆಂದು ನಾಲ್ಕು ದಿನ ಬರೆದಿಟ್ಟು ನೀರಗಂಟಿಗೋ ಪಂಚಾಯಿತಿಗೋ ತೋರಿಸಿ. “ನೀರು ಬರಂಗಿಲ್ರೀ” ಎನ್ನುವುದಕ್ಕಿಂತ ಆ ಕಾಗದಕ್ಕೆ ತೂಕ ಹೆಚ್ಚು. ರಸ್ತೆಯ ಲೈನನ್ನು ನೀವೇ ಅಗೆಯಬೇಡಿ. ನಳಕ್ಕೆ ಮೋಟರ್ ಹಚ್ಚಿ ಎಳೆಯುವುದನ್ನಂತೂ ದಯವಿಟ್ಟು ಮಾಡಬೇಡಿ: ಮುಂದಿನ ಮನೆಗಳಿಗೆ ನೀರು ತಪ್ಪುತ್ತದೆ, ಎಲ್ಲೋ ಸೋರುವ ಜೋಡಣೆಯಿಂದ ಗಟಾರದ ನೀರನ್ನೂ ಅದು ಲೈನಿನೊಳಗೆ ಹೀರಿಕೊಳ್ಳುತ್ತದೆ. ಅದನ್ನು ಕುಡಿಯುವುದು ನಮ್ಮದೇ ಓಣಿಯ ಮಕ್ಕಳು.

ಮೂರು ಮನೆಯ ಹಂಚಿಕೆ

ಉಳಿದದ್ದು ಒಂದು. ಕಾಕಾನ ಮನೆ ನಮಗಿಂತ ತಗ್ಗಿನಲ್ಲಿದೆ, ದೊಡ್ಡಪ್ಪನದು ದಿನ್ನೆಯ ಮೇಲೆ. ಬೆಳಿಗ್ಗೆ ಕಾಕಾ ಎಮ್ಮೆಗಳ ಮೈ ತೊಳೆಯಲು ನಳ ಬಿಟ್ಟರೆ ದೊಡ್ಡಪ್ಪನ ಬಚ್ಚಲಲ್ಲಿ ನೀರು ನಿಂತೇ ಹೋಗುತ್ತಿತ್ತು. ಇದರಲ್ಲಿ ಯಾರದೂ ತಪ್ಪಿಲ್ಲ. ನೀರು ತಗ್ಗು ಹುಡುಕುತ್ತದೆ. ಪ್ರತಿ ಮನೆಯ ಕವಲಿಗೆ ಒಂದೊಂದು ವಾಲ್ವ್ ಹಾಕಿ, ಮೂರೂ ಮನೆಯಲ್ಲಿ ಒಟ್ಟಿಗೆ ಒಂದೊಂದು ನಳ ತೆರೆದು, ಮೂರು ಬಕೆಟ್ ಇಟ್ಟೆವು. ಕಾಕಾನ ಬಕೆಟ್ ಮೊದಲು ತುಂಬಿತು. ಅವರ ವಾಲ್ವನ್ನು ಸ್ವಲ್ಪ ಸ್ವಲ್ಪ ಮುಚ್ಚುತ್ತ, ಫೋನಿನಲ್ಲಿ “ತುಂಬಿತೇನ್ರಿ ದೊಡ್ಡಪ್ಪಾ?” ಎಂದು ಕೇಳುತ್ತ, ಏಳನೆಯ ಸಲಕ್ಕೆ ಮೂರೂ ಬಕೆಟ್ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ತುಂಬಿದವು. ಹಿಡಿಕೆ ನಿಂತ ಜಾಗಕ್ಕೆ ಕಾಕಾ ತಾವೇ ಕೆಂಪು ಪೇಂಟಿನ ಗೆರೆ ಎಳೆದರು.